ಅಡುಗೆಮನೆಯ ಕೆಂಪು ತಾಟು

ಲಿಂಗಸುಗೂರಿನ ಮೊದಲ ಬೆಳಿಗ್ಗೆ ಯಾರೋ ಬಾಗಿಲು ಬಡಿದಂತಾಗಿ ಎದ್ದು ಕೂತೆ. ಗುರುತು ಪರಿಚಯವಿಲ್ಲದ ಊರು. ಹಿಂದಿನ ಸಂಜೆಯಷ್ಟೇ ಸಾಮಾನು ಇಳಿಸಿದ್ದೆ. ಯಾರಿರಬಹುದೆಂದು ವೇಲು ಹೊದ್ದು ಚಿಲಕ ತೆಗೆದರೆ ಮೆಟ್ಟಿಲ ಮೇಲೆ ಒಂದು ನಾಯಿಯೂ ಇರಲಿಲ್ಲ. ಬಡಿತ ಮಾತ್ರ ನಿಲ್ಲಲಿಲ್ಲ, ಅದು ಕಾಲ ಕೆಳಗಿನಿಂದ ಬರುತ್ತಿತ್ತು. ಕೆಳಗಿನ ಖಾನಾವಳಿಯಲ್ಲಿ ಜೋಳದ ರೊಟ್ಟಿ ಬಡಿಯುತ್ತಿದ್ದರು. ನಮ್ಮ ಮಳವಳ್ಳಿ ಕಡೆ ಮುದ್ದೆ ತನ್ನ ಪಾಡಿಗೆ ತಾನು ಬೇಯುತ್ತದೆ. ಇಲ್ಲಿ ಊಟ ಬೀದಿಗೆಲ್ಲ ಸಾರಿಕೊಂಡೇ ತಯಾರಾಗುತ್ತದೆ. ನನ್ನನ್ನು ಯಾರೂ ಕರೆಯಲು ಬಂದಿರಲಿಲ್ಲ ಎಂಬುದು ಮತ್ತೆ ಮಲಗಿದ ಮೇಲೆ ನಿಧಾನವಾಗಿ ಮನಸ್ಸಿಗೆ ಇಳಿಯಿತು. ಆಮೇಲೂ ಬಹಳ ದಿನ ಯಾರೂ ಬರಲಿಲ್ಲ.

ನಾನು ಬಂದದ್ದು ಇಲ್ಲಿನ ಒಂದು ಕಾಲೇಜಿಗೆ, ಕಂಪ್ಯೂಟರ್ ಪಾಠ ಹೇಳಲು. ವರ್ಷ ತುಂಬಿದ ಕೂಡಲೇ ಊರ ಕಡೆಗೆ ವರ್ಗ ಕೇಳುತ್ತೇನೆಂದು ಅಮ್ಮನಿಗೆ ಮಾತು ಕೊಟ್ಟೇ ಬಸ್ಸು ಹತ್ತಿದ್ದೆ. ಕನ್ನಡದಿಂದ ಕನ್ನಡಕ್ಕೆ ಬಂದವಳಿಗೆ ಭಾಷೆಯ ಕಷ್ಟವೇನು ಎಂದು ನಗುವವರು ಒಮ್ಮೆ ಇಲ್ಲಿ ಬಂದು ನೋಡಬೇಕು. ಕಾಲೇಜಿನಲ್ಲಿ ನಾನು ಬಾಯಿ ತೆರೆದರೆ ಹಿಂದಿನ ಬೆಂಚುಗಳು ನಗುತ್ತಿದ್ದವು. ತರಕಾರಿಯವನು ‘ನೀ’ ಎಂದರೆ ನನಗೆ ಕೆನ್ನೆಗೆ ಹೊಡೆದಂತೆ. ನಾನು ‘ನೀವು’ ಎಂದರೆ ಅವನಿಗೆ, ಈಕೆ ಯಾವ ಸಾಹೇಬರ ಮಗಳೋ ಎಂಬ ಅನುಮಾನ. ಮಾತಾಡದೆ ಇರುವುದೇ ವಾಸಿ ಎನಿಸಿತು. ಎರಡು ಹೊತ್ತೂ ಕೆಳಗಿನ ಖಾನಾವಳಿಗೆ ಇಳಿದು, ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಉಂಡು, ಕೈತೊಳೆದು ಮೇಲೆ ಹತ್ತುತ್ತಿದ್ದೆ. ಪುಂಡಿ ಪಲ್ಯದ ಹುಳಿಗೆ ನಾಲಿಗೆ ಒಗ್ಗಿತು, ಗುರೆಳ್ಳು ಚಟ್ನಿಗೂ ಒಗ್ಗಿತು. ನಾನು ಮಾತ್ರ ಯಾರಿಗೂ ಒಗ್ಗಲಿಲ್ಲ.

ಖಾನಾವಳಿಯ ಒಡತಿ ಶಂಕ್ರಮ್ಮನಿಗೆ ಅರವತ್ತು ದಾಟಿದೆ. ಹಣೆಗೆ ವಿಭೂತಿ, ಮೊಣಕೈವರೆಗೂ ಹಿಟ್ಟು. ಅವರು ಒಳಗೆ ಒಲೆಯ ಮುಂದೆ. ಸೊಸೆ ಗೌರಿ ಹೊರಗೆ ಹಣದ ಗಲ್ಲೆಯ ಮೇಲೆ. ಹಟ್ಟಿಯ ಚಿನ್ನದ ಗಣಿಯಲ್ಲಿ ಪಾಳಿ ಮುಗಿಸಿದವರು, ಮಸ್ಕಿ, ಸಿಂಧನೂರು ಬಸ್ಸು ಇಳಿದವರು ಒಮ್ಮೆಲೇ ನುಗ್ಗುತ್ತಿದ್ದರು. ಕೂತವನ ತಾಟಿಗೆ, ಎಂದರೆ ತಟ್ಟೆಗೆ, ಬಿಸಿ ರೊಟ್ಟಿ ಬೀಳಬೇಕು, ಅದು ಆ ಮನೆಯ ಮರ್ಯಾದೆ. ಎಷ್ಟು ಜನ ಕೂತರು ಎಂದು ಗೌರಿ ಕೂಗಬೇಕು. ಶಂಕ್ರಮ್ಮನ ಕಿವಿ ಮಂದ. ಒಂದು ದಿನ ಇಬ್ಬರೂ ಕೂಗಾಡಿಕೊಂಡದ್ದು ಕೇಳಿ, ಬೇಡದ ಉಸಾಬರಿ ಎಂದು ಗೊತ್ತಿದ್ದೂ, ನಾನೊಂದು ಉಪಾಯ ಹೇಳಿದೆ. ನಿಜ ಹೇಳಬೇಕೆಂದರೆ ಅವರ ತೊಂದರೆಗಿಂತ ನನಗೆ ಕೆಳಗೆ ಹೋಗಲು ಒಂದು ನೆಪ ಬೇಕಿತ್ತು.

ನನ್ನ ಹಳೆಯ ಕಂಪ್ಯೂಟರನ್ನು ಗಲ್ಲೆಗೂ ಅಡುಗೆಮನೆಗೂ ನಡುವಿನ ಕಟ್ಟೆಯ ಮೇಲಿಟ್ಟೆ. ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದ ಸಣ್ಣ ಪ್ರೋಗ್ರಾಂ: ಪರದೆಯ ಮೇಲೆ ಒಂದು ವಿಂಡೋ, ಎಂದರೆ ಚೌಕ, ತೆರೆದು ಪಂಕ್ತಿಯಂತೆ ಬಿಳಿಯ ಸೊನ್ನೆಗಳನ್ನು ಬರೆಯುತ್ತದೆ. ಒಂದು ಸೊನ್ನೆ ಒಂದು ತಾಟು. ಗಿರಾಕಿ ಕೂತರೆ ಗೌರಿ ಅದನ್ನು ಒತ್ತುತ್ತಾಳೆ, ಕೆಂಪಾಗುತ್ತದೆ; ಎದ್ದರೆ ಮತ್ತೆ ಒತ್ತುತ್ತಾಳೆ, ಬಿಳಿಯಾಗುತ್ತದೆ. ಶಂಕ್ರಮ್ಮ ಕೆಂಪು ಎಣಿಸಿ ರೊಟ್ಟಿ ಬಡಿಯುತ್ತಾರೆ. ಮೊದಲ ದಿನ ಇಬ್ಬರೂ ನಕ್ಕರು, ನನಗೆ ಒಂದು ಲೋಟ ಮಜ್ಜಿಗೆ ಹೆಚ್ಚಿಗೆ ಬಂತು. ಅಷ್ಟಕ್ಕೇ ನಾನು ಹಾಡು ಗುನುಗುತ್ತಾ ಮೆಟ್ಟಿಲು ಹತ್ತಿದೆ.

ಮರುದಿನದಿಂದ ಪ್ರೋಗ್ರಾಂ ನಡುನಡುವೆ ಸಾಯತೊಡಗಿತು. ಸಂಜೆ ಇಳಿದರೆ ಪರದೆ ಖಾಲಿ, ಗೌರಿಯ ಮುಖ ಸಪ್ಪೆ. ಕರೆಂಟಿನ ಮೇಲೆ ಗುಮಾನಿ ಪಟ್ಟೆ. ಆಮೇಲೆ ಯಂತ್ರದ ವಯಸ್ಸಿನ ಮೇಲೆ. ಯಂತ್ರವನ್ನು ಮೇಲೆ ನನ್ನ ಕೋಣೆಗೆ ಒಯ್ದರೆ ಅದೇ ಪ್ರೋಗ್ರಾಂ ರಜೆಯ ದಿನವಿಡೀ ಓಡಿತು, ತಕರಾರಿಲ್ಲ. ಮೇಡಂ ತಂದುಕೊಟ್ಟದ್ದು ಮೂರು ದಿನದ ಆಟ ಎಂದು ಗಿರಾಕಿಗಳು ನಗೆಯಾಡಿದರು. ಇದು ಕೈಕೊಟ್ಟರೆ ಮಾತಿಗೆ ನನಗೆ ಮತ್ತೆ ಆ ಗೋಡೆಯೊಂದೇ ಗತಿ ಎಂದು ಹೆದರಿದೆ. ನಗಬೇಡಿ, ದೂರದ ಊರಲ್ಲಿ ಒಂಟಿಯಾಗಿರುವವರಿಗೆ ಇಂಥದ್ದೇ ದೊಡ್ಡದು.

ಮುಂದಿನ ಸಲ ಸತ್ತಾಗ, ಯಂತ್ರ ಆರಿಸುವ ಮುಂಚೆ, ಪರದೆಯ ಫೋಟೋ ತೆಗೆದು ಕಳಿಸಲು ಗೌರಿಗೆ ಹೇಳಿದೆ. ಬಂದ ಫೋಟೋದ ಕೊನೆಯ ಸಾಲು, ಬರೆಯಬೇಕಾದ ವಿಂಡೋವೇ ಇಲ್ಲವೆಂದು ಹೇಳುತ್ತಿತ್ತು. ಎಂದರೆ ಯಾರೋ ಮುಚ್ಚಿದ್ದಾರೆ. ನನ್ನ ಪ್ರೋಗ್ರಾಮಿಗೆ ಅದು ತಿಳಿಯದು. ಎತ್ತಿಬಿಟ್ಟ ತಾಟಿನ ಜಾಗಕ್ಕೆ ರೊಟ್ಟಿ ಹಾಕಲು ಹೋದಂತೆ, ಇಲ್ಲದ ವಿಂಡೋದಲ್ಲಿ ಸೊನ್ನೆ ಬರೆಯಲು ಹೋಗಿ ಮುಗ್ಗರಿಸಿ ಪೂರಾ ನಿಂತುಹೋಗುತ್ತದೆ. ನಾನು ಕೋಣೆಯಲ್ಲಿ ವಿಂಡೋವನ್ನು ಒಮ್ಮೆಯೂ ಮುಚ್ಚಿರಲಿಲ್ಲ, ಅದಕ್ಕೇ ತಪ್ಪು ಕಂಡಿರಲಿಲ್ಲ. ಗೌರಿ ತಾನು ಮುಚ್ಚಿಲ್ಲವೆಂದು ಆಣೆ ಮಾಡಿದಳು.

ಭಾನುವಾರ ಮಧ್ಯಾಹ್ನ ಅಡುಗೆಮನೆಯ ಬಾಗಿಲಲ್ಲೇ ಕೂತೆ. ಹಟ್ಟಿಯವರ ದಂಡು ಬಂತು, ಪರದೆಯೆಲ್ಲ ಕೆಂಪಾಯಿತು. ಉಂಡು ಒಟ್ಟಿಗೇ ಎದ್ದರು. ಗೌರಿ ಹಣ ತೆಗೆದುಕೊಳ್ಳುವುದರಲ್ಲಿದ್ದಳು. ಶಂಕ್ರಮ್ಮ ಒಲೆ ಬಿಟ್ಟು ಬಂದು, ಹಿಟ್ಟಿನ ಕೈಯಲ್ಲೇ ಮೌಸ್ ಹಿಡಿದು, ವಿಂಡೋ ಮುಚ್ಚಲೆಂದು ಮೂಲೆಯಲ್ಲಿರುವ ಕತ್ತರಿ ಗುರುತನ್ನು ಒತ್ತಿಬಿಟ್ಟರು. ಯಾಕೆಂದು ಕೇಳಿದೆ. ನನ್ನನ್ನೇ ವಿಚಿತ್ರವಾಗಿ ನೋಡಿದರು.

“ಉಂಡು ಎದ್ದ ತಾಟು ಹಂಗs ಇಟ್ಕೊಂಡು ಹೆಂಗ ಕುಂದ್ರೋದು ತಂಗಿ? ಎಂಜಲ ಅದು. ಬಂದ ಮಂದಿ ನೋಡಿದ್ರ ಏನಂತಾರ?”

ಕೆಂಪು ಸೊನ್ನೆಗಳು ಅವರಿಗೆ ಲೆಕ್ಕವಾಗಿರಲಿಲ್ಲ, ತೊಳೆಯದ ತಾಟುಗಳಾಗಿದ್ದವು. ಆ ಗುರುತನ್ನು ಮುಟ್ಟಬೇಡಿ ಎಂದು ಹೇಳಿಬಿಡುವುದು ಸುಲಭವಿತ್ತು. ಆದರೆ ಅವರ ಅಡುಗೆಮನೆಯಲ್ಲಿ ನಿಂತು ಅವರಿಗೇ ಎಂಜಲಿನ ಪಾಠ ಹೇಳುವಷ್ಟು ಧೈರ್ಯ ನನಗಿರಲಿಲ್ಲ. ಪ್ರೋಗ್ರಾಮನ್ನೇ ತಿದ್ದಿದೆ. ಈಗ ಆ ಗುರುತನ್ನು ಒತ್ತಿದರೆ ವಿಂಡೋ ಮುಚ್ಚುವುದಿಲ್ಲ; ತಾಟುಗಳೆಲ್ಲ ಬೆಳ್ಳಗಾಗುತ್ತವೆ. ನಿಜಕ್ಕೂ ಮುಚ್ಚಲು ಕೆಳಗೆ ಬೇರೆ ಗುಂಡಿ, ಅದು ಒಮ್ಮೆ ಕೇಳಿಯೇ ಮುಚ್ಚುತ್ತದೆ. ಸೊನ್ನೆ ಬರೆಯುವ ಮುಂಚೆ ವಿಂಡೋ ಇದೆಯೇ ಎಂದು ನೋಡಿಕೊಳ್ಳುವುದನ್ನೂ ಪ್ರೋಗ್ರಾಮಿಗೆ ಕಲಿಸಿದೆ. ಅಂದಿನಿಂದ ಅದು ಸತ್ತಿಲ್ಲ.

ಮೊದಲ ಸಲ ತಾಟುಗಳೆಲ್ಲ ಒಮ್ಮೆಲೇ ಬೆಳ್ಳಗಾದಾಗ ಶಂಕ್ರಮ್ಮ ಸೆರಗಿಗೆ ಕೈ ಒರೆಸಿಕೊಂಡು ನಿಂತು ನೋಡಿದರು. ಆಮೇಲೆ ಪರದೆಯ ಕೆಳತುದಿಗೆ, ಪಂಕ್ತಿಯಿಂದ ಆಚೆ, ಬೆರಳು ಇಟ್ಟರು.

“ಇಲ್ಲೊಂದು ತಾಟು ಇಡು. ಒಲಿ ಮಗ್ಗಲಕ. ನೀ ಇನ್ನ ಅಲ್ಲಿ ಗ್ವಾಡಿ ನೋಡ್ಕೊಂತ ಉಣ್ಣಬ್ಯಾಡ.”

ಆ ‘ನೀ’ ಕೆನ್ನೆಗೆ ಬೀಳಲಿಲ್ಲ. ಕಣ್ಣು ತುಂಬಿತು, ಒಲೆಯ ಹೊಗೆ ಎಂದುಕೊಂಡಿರಬೇಕು, ಅವರು ಊದುಗೊಳವೆ ಹಿಡಿದು ಒಲೆ ಊದಿದರು. ಪರದೆಯ ಮೇಲಿನ ನನ್ನ ತಾಟನ್ನು ಮಾತ್ರ ತೊಳೆಯಬಾರದೆಂದು ಕಟ್ಟಪ್ಪಣೆಯಾಯಿತು. ಕಾಲೇಜಿನಿಂದ ನಾನು ಯಾವಾಗ ಬರುತ್ತೇನೋ ಏನೋ, ಅದು ಸದಾ ಕೆಂಪಾಗಿರಲಿ, ಒಂದು ಪಾಲು ಎತ್ತಿಡುವುದು ನೆನಪಿರುತ್ತದೆ ಎಂದರು. ಹಾಗೆಯೇ ಬರೆದೆ; ಮೂಲೆಯ ಗುರುತನ್ನು ಒತ್ತಿದರೂ ಅದೊಂದು ಕೆಂಪಾಗಿಯೇ ಉಳಿಯುತ್ತದೆ.

ಬೇಸಿಗೆ ರಜೆಗೆ ಮಳವಳ್ಳಿಗೆ ಬಂದೆ. ಅಣ್ಣ, ಅತ್ತಿಗೆ, ಮಕ್ಕಳು, ಮನೆ ತುಂಬ ಜನ. ಎಲ್ಲರೂ ನನ್ನ ಮಾತು ರಾಗವಾಗಿದೆ ಎಂದು ಆಡಿಕೊಂಡರು. ಅಮ್ಮ ಮುದ್ದೆ ಹಾಕಿ, ವರ್ಗಕ್ಕೆ ಅರ್ಜಿ ಕೊಟ್ಟೆಯಾ ಎಂದು ಕೇಳಿದಳು. ಮುದ್ದೆ ಮುರಿಯುತ್ತಿದ್ದಾಗ ಫೋನ್ ಬಂತು. ಶಂಕ್ರಮ್ಮ, ಕಿವಿ ಮಂದವಾದವರು ಮಾತಾಡುವಷ್ಟು ಜೋರಾಗಿ.

“ತಂಗಿ, ನಿನ್ನ ತಾಟು ಕೆಂಪಗs ಐತಿ ನೋಡು. ಕೈ ತಡಿಯಂಗಿಲ್ಲ, ನಿನ್ನ ರೊಟ್ಟಿ ಬಡೀತೀನಿ. ದಿನಾ ಉಳ್ಯಾಕತ್ತಾವು. ಯಾವಾಗ ಬರ್ತಿ?”

ಗೌರಿ ಆ ಸೊನ್ನೆಯನ್ನೇ ಒಮ್ಮೆ ಒತ್ತಿದರೆ ಸಾಕು, ಬೆಳ್ಳಗಾಗುತ್ತದೆ. ಅಷ್ಟು ಹೇಳಬಹುದಿತ್ತು. ಹೇಳಲಿಲ್ಲ. ಕಾಲೇಜು ತೆರೆಯುವ ಮುಂಚೆಯೇ ಬರುತ್ತೇನೆ ಎಂದೆ.

ಫೋನ್ ಇಟ್ಟಾಗ, ಯಾರವ್ವ ಅದು ಎಂದು ಅಮ್ಮ ಕೇಳಿದಳು.

“ಮನೆಯಿಂದ” ಎಂದುಬಿಟ್ಟೆ.

ಅಮ್ಮ ಪಾತ್ರೆಯ ಮುಚ್ಚಳ ತೆಗೆದಳು. ನಾನು ಬೇಡವೆನ್ನುತ್ತಿದ್ದರೂ, ಇನ್ನೊಂದು ಮುದ್ದೆಯನ್ನು ನನ್ನ ತಟ್ಟೆಗೆ ಹಾಕಿದಳು.