ಹೇಳದೆ ಬಿಟ್ಟ ಹನ್ನೊಂದನೆಯ ಕುದುರೆ

ನಮ್ಮನೆಯವರಿಗೆ ಕುದುರೆಯ ಹುಚ್ಚು. ಜೂಜಿನ ಹುಚ್ಚಲ್ಲ, ನೋಡುವ ಹುಚ್ಚು. ಮೈಸೂರಿನಲ್ಲಿ ಹುಡುಗನಾಗಿದ್ದಾಗ ರೇಸ್ ಕೋರ್ಸಿನ ಕಾಂಪೌಂಡಿಗೆ ಸೈಕಲ್ ಒರಗಿಸಿ, ಅದರ ಸೀಟಿನ ಮೇಲೆ ನಿಂತು ಬೆಳಗಿನ ತಾಲೀಮು ನೋಡುತ್ತಿದ್ದರಂತೆ. ಸ್ವೀಡನ್ನಿನ ಶೋವ್ಡೆ ಊರಿನ ಎಂಜಿನ್ ಕಾರ್ಖಾನೆಗೆ ಕೆಲಸಕ್ಕೆ ಬಂದ ಮೇಲೆ ಆ ಹುಚ್ಚು ಸ್ಟೀಪಲ್‌ಚೇಸ್ ಕಡೆಗೆ ತಿರುಗಿತು. ಅದರಲ್ಲಿ ಬರೀ ಓಡಿದರೆ ಸಾಲದು, ಪೊದೆಬೇಲಿಗಳನ್ನೂ ನೀರಿನ ಹಳ್ಳವನ್ನೂ ಹಾರುತ್ತ ಮೈಲಿಗಟ್ಟಲೆ ಓಡಬೇಕು. ಪ್ರತಿ ವರ್ಷ ಜೂನ್ ತಿಂಗಳಲ್ಲಿ ನಡೆಯುವ ದೊಡ್ಡ ಓಟ ಹತ್ತಿರ ಬಂದಂತೆ ಇವರು ಒಂದೊಂದು ಕುದುರೆಯ ಜಾತಕವನ್ನೂ ಜಾಲಾಡುತ್ತಿದ್ದರು. ಹಳೆಯ ಓಟಗಳ ವಿಡಿಯೋ ಹಾಕಿಕೊಂಡು, ಕುದುರೆ ನೆಲಕ್ಕಿಳಿಯುವ ಗಳಿಗೆಯಲ್ಲಿ ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ, ಮತ್ತೆ ನೋಡುವುದು. ನನ್ನ ಮುಖವನ್ನು ಅಷ್ಟು ಹೊತ್ತು ನೋಡಿದವರಲ್ಲ. ಆಫೀಸಿನಲ್ಲಿ ಶುಕ್ರವಾರದ ಫೀಕಾ ಬಿಡುವಿಗೆ ಕಾಫಿ, ಬನ್ನು ಹಿಡಿದು ಕೂತ ಸ್ವೀಡಿಷ್ ಸಹೋದ್ಯೋಗಿಗಳು ಇವರ ಲೆಕ್ಕಾಚಾರ ಕೇಳಲು ಕಾಯುತ್ತಿದ್ದರು. ಮನೆಯಲ್ಲಿ ನನ್ನ ಸಾರಿನ ವಿಷಯದಲ್ಲಿ ಎಷ್ಟು ಸುಳ್ಳು ಹೇಳಿದರೂ ಕುದುರೆಯ ವಿಷಯದಲ್ಲಿ ಮಾತ್ರ ಇವರು ಕಂಡದ್ದನ್ನು ಕಂಡಂತೆ ಹೇಳುವವರು.

ಆ ಹುಚ್ಚು ಮಗಳಿಗೂ ಹತ್ತಿತು. ಇಲ್ಲಿ ಹೆಣ್ಣುಮಕ್ಕಳಿಗೆ ಕುದುರೆ ಸವಾರಿ ಎಂದರೆ ನಮ್ಮೂರಿನಲ್ಲಿ ಭರತನಾಟ್ಯದ ಕ್ಲಾಸಿಗೆ ಸೇರಿಸಿದಷ್ಟೇ ಸಲೀಸು. ವಾರಕ್ಕೊಮ್ಮೆ ಹೋಗುತ್ತಿದ್ದವಳು ದಿನವೂ ಹೋಗತೊಡಗಿದಳು. ಸ್ಕೂಲು ಮುಗಿದ ಮೇಲೆ ಯೂನಿವರ್ಸಿಟಿಗೆ ಆಮೇಲೆ ಹೋಗುತ್ತೇನೆಂದು ಊರ ಹೊರಗಿನ ಒಂದು ಲಾಯದಲ್ಲಿ ಕೆಲಸಕ್ಕೆ ಸೇರಿ, ಅಲ್ಲೇ ಒಂದು ರೂಮು ಹಿಡಿದಳು. ನಾನು ಕುದುರೆ ಲದ್ದಿ ಎತ್ತುವುದಕ್ಕಾ ನಿನ್ನನ್ನು ಹೆತ್ತದ್ದು ಎಂದು ಕೂಗಾಡಿದೆ. ಇವರ ಸಂತೋಷ ಮುಖದಲ್ಲೇ ಕಾಣುತ್ತಿತ್ತು, ಬಾಯಿ ಬಿಡಲಿಲ್ಲ ಅಷ್ಟೆ.

ಬಾಯಿ ಬಿಡದಿರುವುದು ನಮ್ಮ ಮನೆಯ ರೂಢಿ. ಆಗಬೇಕಾದ ಒಳ್ಳೆಯದನ್ನು ಮೊದಲೇ ಆಡಿದರೆ ದೃಷ್ಟಿಯಾಗುತ್ತದೆ. ಇವರಿಗೆ ಸ್ವೀಡನ್ನಿನ ಕೆಲಸ ಸಿಕ್ಕಿದ್ದು ವಿಮಾನದ ಟಿಕೆಟ್ ಕೈಗೆ ಬರುವವರೆಗೆ ನನ್ನ ತವರಿಗೇ ಗೊತ್ತಿರಲಿಲ್ಲ. ಮಗಳು ಡಾಗಿಸ್‌ನಲ್ಲಿದ್ದಾಗ, ಅಂದರೆ ಇಲ್ಲಿನ ಶಿಶುವಿಹಾರದಲ್ಲಿ, ಟೀಚರು ನಮ್ಮನ್ನು ಕೂರಿಸಿಕೊಂಡು ಮಗು ಎಷ್ಟು ಧೈರ್ಯವಂತೆ, ಎಷ್ಟು ಚುರುಕು ಎಂದು ಹೊಗಳಿದರು. ಇವರು ಮುಳ್ಳಿನ ಮೇಲೆ ಕೂತವರಂತೆ ಚಡಪಡಿಸಿ, "ಇಲ್ಲ ಇಲ್ಲ, ಮನೆಯಲ್ಲಿ ತುಂಬ ಹಠ, ಊಟ ಸರಿಯಾಗಿ ಮಾಡಲ್ಲ" ಎಂದು ಇಲ್ಲದ ದೋಷ ಹುಡುಕಿ ಹೇಳಿದರು. ಟೀಚರಿಗೆ ಗಾಬರಿಯಾಯಿತು. ನಾನು ಮನೆಗೆ ಬಂದು ಉಪ್ಪು ಮೆಣಸಿನಕಾಯಿ ನಿವಾಳಿಸಿದೆ. ಸ್ಮೋಕ್ ಅಲಾರ್ಮ್ ಕಿರುಚಿಕೊಂಡಿತು. ಆ ಕಥೆಯನ್ನು ಎಷ್ಟೋ ವರ್ಷ ಹೇಳಿಕೊಂಡು ನಕ್ಕಿದ್ದೇವೆ.

ಮಗಳಿಗೆ ಹತ್ತೊಂಬತ್ತಾದ ವರ್ಷ ಅವಳ ಲಾಯದ ಕುದುರೆಯೊಂದು ಆ ದೊಡ್ಡ ಓಟಕ್ಕೆ ಆಯ್ಕೆಯಾಯಿತು. ಸಣ್ಣ ಗಾತ್ರದ ಕಂದು ಕುದುರೆ. ಮೊದಲ ದಿನದಿಂದ ಅದಕ್ಕೆ ತಿನ್ನಿಸಿ, ತೊಳೆದು, ಹಾರುವುದು ಕಲಿಸಿದವಳು ಇವಳೇ. ಸಣ್ಣಪುಟ್ಟ ಓಟಗಳಲ್ಲಿ ಅದರ ಮೇಲೆ ಕೂತು ಓಡಿಸಿಯೂ ಇದ್ದಳು. "ನಾನೇ ರೈಡ್ ಮಾಡೋದು ಅಮ್ಮ" ಎಂದು ಫೋನಿನಲ್ಲಿ ಹೇಳಿದಾಗ ಅದು ನಿಶ್ಚಯವಾದ ಮಾತೆಂದೇ ನಾವು ತಿಳಿದೆವು. ಆದರೆ ಲಾಯದ ಯಜಮಾನಿ ಅವಳ ಮುಂದೆ ಎರಡು ದಾರಿ ಇಟ್ಟಿದ್ದಳು ಎಂಬುದು ಆಮೇಲೆ ತಿಳಿಯಿತು. ಬೇಕಾದರೆ ನೀನು ಕೂರು, ಧೈರ್ಯ ಸಾಲದಿದ್ದರೆ ಆ ಮೈದಾನದಲ್ಲಿ ಪಳಗಿದ ಸವಾರನನ್ನು ಕರೆಸುತ್ತೇನೆ, ಗುರುವಾರ ಬೆಳಿಗ್ಗೆ ಹೇಳು, ತೀರ್ಮಾನ ನಿನ್ನದು. ಈ ದೇಶದಲ್ಲಿ ಹತ್ತೊಂಬತ್ತರ ಹುಡುಗಿಗೆ ಹೀಗೆ ಹೇಳುತ್ತಾರೆ.

ಮಂಗಳವಾರ ನಾನು ಪಾತ್ರೆ ತೊಳೆಯುತ್ತಿದ್ದಾಗ ಇವರು ಅಡಿಗೆಮನೆಗೆ ಬಂದು ನನ್ನ ಕಿವಿಯ ಹತ್ತಿರ ಪಿಸುಗುಟ್ಟಿದರು. ಮನೆಯಲ್ಲಿ ನಾವಿಬ್ಬರೇ ಇದ್ದದ್ದು, ಆದರೂ ಪಿಸುಮಾತು.

"ಇದೇ ಕಣೇ ಗೆಲ್ಲೋದು. ನಮ್ಮ ಪುಟ್ಟಿದೇ."

"ನಿಜವಾಗ್ಲೂನಾ?"

"ಮಿಕ್ಕ ಹತ್ತನ್ನೂ ನೋಡ್ದೆ. ಒಂದಕ್ಕೂ ಇದರಷ್ಟು ನೀಟಾಗಿ ಇಳಿಯೋಕೆ ಬರಲ್ಲ. ಅದೂ ಇವಳು ಕೂತ್ರೆ ಅದು ಬೇರೆ ಕುದುರೇನೇ ಆಗೋಗತ್ತೆ." ಹೇಳಿದ್ದೇ ತಡ, ಕೆನ್ನೆ ಕೆನ್ನೆ ಬಡಿದುಕೊಂಡರು. "ಬಾಯಿ ತಪ್ಪಿ ಅವಳ ಹತ್ರ ಅನ್ಬೇಡ."

ಬುಧವಾರ ಸಂಜೆ ಮಗಳು ಊಟಕ್ಕೆ ಬಂದಳು. ಬಿಸಿಬೇಳೆಬಾತ್ ಮಾಡಿದ್ದೆ. ತಟ್ಟೆ ಮುಂದಿಟ್ಟುಕೊಂಡು, "ಪಪ್ಪಾ, ಹೇಳಿ. ಈ ಸಲ ಫೀಲ್ಡ್ ಹೇಗಿದೆ?" ಎಂದಳು. ಇವರಿಗೆ ಅಷ್ಟು ಸಾಕು. ಹೋದ ವರ್ಷ ಗೆದ್ದ ಎತ್ತರದ ಬಿಳಿ ಕುದುರೆಯಿಂದ ಶುರುಮಾಡಿದರು. ಅದಕ್ಕೆ ವಯಸ್ಸಾಯಿತು, ಬೆನ್ನು ಬಗ್ಗುತ್ತಿಲ್ಲ, ಆದರೂ ಅನುಭವವಿದೆ. ಡೆನ್ಮಾರ್ಕಿನದು ವೇಗದ್ದು, ಹಾರುವಾಗಲೆಲ್ಲ ಎಡಕ್ಕೆ ಜಾರುತ್ತದೆ, ಒಂದೊಂದು ಬೇಲಿಗೂ ಅಷ್ಟಷ್ಟು ನೆಲ ಕಳೆದುಕೊಳ್ಳುತ್ತದೆ. ದಕ್ಷಿಣದಿಂದ ಬರುವ ಕಪ್ಪು ಹೆಣ್ಣು ಕುದುರೆ ಹಾರುವುದನ್ನು ನೋಡಲು ಎರಡು ಕಣ್ಣು ಸಾಲದು, ಆದರೆ ಇಷ್ಟು ದೂರ ಅದು ಎಂದೂ ಓಡಿಲ್ಲ. ಸ್ಟಾಕ್‌ಹೋಮಿನದು ಮೊದಲ ಸುತ್ತಿನಲ್ಲೇ ಕಡಿವಾಣ ಜಗ್ಗಿ ಜಗ್ಗಿ ಸುಸ್ತಾಗುವ ಜಾತಿ. ನೆಲ ಒಣಗಿದರೆ ಯಾವುದಕ್ಕೆ ಲಾಭ, ಮಳೆ ಬಂದು ಮೆತ್ತಗಾದರೆ ಯಾವುದಕ್ಕೆ ನಷ್ಟ, ಎಲ್ಲ ಹೇಳಿದರು. ಹತ್ತು ಕುದುರೆಗಳೂ ಮುಗಿದವು. ಇವರು ನೀರು ಕುಡಿದರು.

"ನಮ್ಮದು?" ಎಂದಳು ಮಗಳು.

"ಅದ್ರ ವಿಷ್ಯ ಈಗ್ಯಾಕೆ? ಊಟ ಮಾಡು."

"ಚಾನ್ಸ್ ಇದ್ಯಾ ಇಲ್ವಾ, ಅಷ್ಟು ಹೇಳಿ ಪಪ್ಪಾ."

"ಮಿಕ್ಕಿದ್ದೆಲ್ಲ ದೊಡ್ಡ ದೊಡ್ಡ ಕುದುರೆಗಳು ಪುಟ್ಟಾ. ಹುಷಾರಾಗಿ ಹೋಗಿ ಬಾ, ಸಾಕು."

ಅವಳು ತಂದೆಯ ಮುಖವನ್ನೇ ನೋಡುತ್ತಿದ್ದಳು. ನಾನು ಮಜ್ಜಿಗೆ ತಂದವಳು ಅಲ್ಲೇ ನಿಂತಿದ್ದೆ. ನಿಮ್ಮಪ್ಪ ನಿನ್ನೆ ಏನಂದರು ಗೊತ್ತಾ ಎಂಬ ಮಾತು ನಾಲಗೆಯ ತುದಿಯವರೆಗೆ ಬಂದಿತ್ತು. ಇವರು ಕಣ್ಣಲ್ಲೇ ಬೇಡವೆಂದರು. ಕಣ್ಸನ್ನೆ ಮಾಡದಿದ್ದರೂ ನಾನು ಹೇಳುತ್ತಿರಲಿಲ್ಲವೇನೋ. ಅಷ್ಟೆತ್ತರದ ಬೇಲಿಗಳನ್ನು ಹಾರಬೇಕಾದವಳು ನನ್ನ ಮಗಳು, ನನಗೂ ಅದೇ ಭಯ. ಮಜ್ಜಿಗೆ ಲೋಟ ಇಟ್ಟೆ. "ಓಕೆ" ಎಂದು ಅವಳು ತಟ್ಟೆ ತೊಳೆದಿಟ್ಟು ಬಸ್ಸಿಗೆ ಹೊತ್ತಾಯಿತೆಂದು ಹೊರಟಳು. ಟೆನ್ಷನ್ ಇರಬೇಕು ಎಂದು ನಾವು ಮಾತಾಡಿಕೊಂಡೆವು.

ಓಟದ ದಿನ ಬೆಳಿಗ್ಗೆಯೇ ಕಾರಿನಲ್ಲಿ ಹೊರಟೆವು. ಚಿತ್ರಾನ್ನ, ಮೊಸರನ್ನ, ಫ್ಲಾಸ್ಕಿನಲ್ಲಿ ಕಾಫಿ. ಮೈದಾನದ ತುಂಬ ಕಂಬಳಿ ಹಾಸಿ ಕೂತ ಕುಟುಂಬಗಳು, ಟೋಪಿ ತೊಟ್ಟ ಹೆಂಗಸರು, ಸಾಸೇಜು ಸುಡುವ ಹೊಗೆ. ಇವರು ಓಟದ ಪುಸ್ತಿಕೆ ತಂದು ನಿಂತಲ್ಲೇ ಬಿಡಿಸಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಪ್ರಿಂಟಿಂಗ್ ಮಿಸ್ಟೇಕ್ ಆಗಿದೆ ನೋಡೇ."

ಕಂದು ಕುದುರೆಯ ಎದುರಿಗೆ ಇನ್ಯಾರದೋ ಹೆಸರಿತ್ತು.

ಮಿಸ್ಟೇಕ್ ಅಲ್ಲ. ಓಟಕ್ಕೆ ಮುಂಚೆ ಕುದುರೆಗಳನ್ನು ಜನರಿಗೆ ತೋರಿಸುತ್ತ ಸುತ್ತು ಹಾಕಿಸುವ ಅಂಗಳದಲ್ಲಿ ನಮ್ಮ ಮಗಳು ಬಿಳಿ ಶರ್ಟು ತೊಟ್ಟು, ಕಂದು ಕುದುರೆಯ ಹಗ್ಗ ಹಿಡಿದು ನಡೆಯುತ್ತಿದ್ದಳು. ನಮ್ಮನ್ನು ಕಂಡು ಕೈಯೆತ್ತಿದಳು. ಯಾಕೆ ಎಂದು ನಾನು ಸನ್ನೆಯಲ್ಲೇ ಕೇಳಿದೆ. ಆಮೇಲೆ ಎಂದು ಸನ್ನೆಯಲ್ಲೇ ಹೇಳಿದಳು. ರೇಷ್ಮೆಯಂಗಿಯ ಸವಾರನೊಬ್ಬ ಬಂದ. ಅವಳೇ ಅವನ ಕಾಲಿಗೆ ಕೈಯಾನಿಸಿ ಮೇಲೆ ಹತ್ತಿಸಿದಳು.

ಆ ಓಟವನ್ನು ನಾನು ಸರಿಯಾಗಿ ನೋಡಲಿಲ್ಲ, ಇವರನ್ನು ನೋಡುತ್ತಿದ್ದೆ. ಇವರು ಹೇಳಿದ್ದೊಂದೂ ಸುಳ್ಳಾಗಲಿಲ್ಲ. ಡೆನ್ಮಾರ್ಕಿನದು ಎಡಕ್ಕೆ ಜಾರಿತು, ಸ್ಟಾಕ್‌ಹೋಮಿನದು ಸುಸ್ತಾಯಿತು, ಕಪ್ಪು ಕುದುರೆ ಕೊನೆಯ ತಿರುವಿನಲ್ಲಿ ಹಿಂದೆ ಬಿತ್ತು. ಕೊನೆಯ ಬೇಲಿಯನ್ನು ಬಿಳಿಯದೂ ಕಂದೂ ಜೊತೆಯಾಗಿ ಹಾರಿದವು. ಕಂದು ಮೆತ್ತಗೆ ಇಳಿದು ಮುಂದೆ ಹೋಯಿತು. ಸುತ್ತಲಿನ ಜನ ಕೂಗುತ್ತಿದ್ದರು. ನನ್ನ ಗಂಡ, ಗೆಲ್ಲುವ ಕುದುರೆಯನ್ನು ನಾಲ್ಕು ದಿನ ಮೊದಲೇ ಕಂಡ ಮನುಷ್ಯ, ಪುಸ್ತಿಕೆಯನ್ನು ಸುರುಳಿ ಸುತ್ತುತ್ತ ನಿಂತಿದ್ದರು.

ಅವಳು ಬಂದಾಗ ಕಣ್ಣು ಕೆಂಪಾಗಿತ್ತು, ಮುಖದಲ್ಲಿ ನಗುವಿತ್ತು. ಕುದುರೆ ಗೆದ್ದ ಖುಷಿ ಸುಳ್ಳಲ್ಲ. "ನೋಡಿದ್ರಾ ಪಪ್ಪಾ? ನೀವು ಅದನ್ನ ಲೆಕ್ಕಕ್ಕೇ ತಗೊಂಡಿರ್ಲಿಲ್ಲ!"

"ನೀನ್ಯಾಕೆ ಕೂರ್ಲಿಲ್ಲ ಪುಟ್ಟಾ?"

ಆಗ ಯಜಮಾನಿಯ ಎರಡು ದಾರಿಯ ಕಥೆ ಹೊರಬಂತು. "ನಂಗೆ ಡೌಟ್ ಇತ್ತು. ನೀವು ಕುದುರೆ ವಿಷ್ಯದಲ್ಲಿ ಸುಳ್ಳು ಹೇಳಲ್ವಲ್ಲ, ಅದಕ್ಕೇ ಕೇಳೋಕೆ ಬಂದೆ. ನೀವೇ ಅದ್ರ ಹೆಸ್ರು ಎತ್ಲಿಲ್ಲ ಅಂದ್ರೆ, ನಾನು ಕೂತು ಯಾಕೆ ಅದ್ರ ಇರೋ ಚಾನ್ಸೂ ಹಾಳು ಮಾಡ್ಲಿ ಅನ್ನಿಸ್ತು."

"ಅಯ್ಯೋ, ಅದನ್ನೇ ಫಸ್ಟ್ ಇಟ್ಟಿದ್ದೆ ಕಣಮ್ಮ! ನೀನು ಕೂತ್ರೆ ಗೆದ್ದೇ ಗೆಲ್ಲತ್ತೆ ಅಂತ ಮಂಗಳವಾರಾನೇ ಹೇಳಿದ್ದೆ. ಬೇಕಾದ್ರೆ ನಿಮ್ಮಮ್ಮನ್ನ ಕೇಳು."

ಅವಳು ನನ್ನ ಕಡೆ ತಿರುಗಿದಳು. "ಅಮ್ಮ, ನಿಂಗೂ ಗೊತ್ತಿತ್ತಾ?"

ತಲೆಯಾಡಿಸಿದೆ. ಇವರು ದೃಷ್ಟಿಯ ವಿಷಯ ಹೇಳಲು ಹೊರಟರು. ಒಳ್ಳೇದನ್ನ ಮೊದಲೇ ಆಡಬಾರದು, ಅದೂ ಹೆತ್ತವರ ದೃಷ್ಟಿ ಬೇಗ ತಾಗತ್ತೆ, ನೀನು ಬಿದ್ದುಗಿದ್ದೀಯ ಅಂತ ನಮಗೆ ಭಯ. ಮೊದಲ ಸಲ ಇವರ ಮಾತು ತೊದಲುವುದನ್ನು ಕೇಳಿದೆ. ಮಗಳು ಕೋಪ ಮಾಡಿಕೊಳ್ಳಲಿಲ್ಲ. ಮಾಡಿಕೊಂಡಿದ್ದರೆ ಚೆನ್ನಾಗಿತ್ತು. ಎಲ್ಲ ಕೇಳಿಸಿಕೊಂಡು ಮೆಲ್ಲಗೆ ಹೇಳಿದಳು, "ನಂಗೆ ಅದು ಬುಧವಾರ ಬೇಕಿತ್ತು ಪಪ್ಪಾ."

ನಿಂತಂತೆಯೇ ಎರಡು ತುತ್ತು ಚಿತ್ರಾನ್ನ ತಿಂದು, ಕುದುರೆಯ ಮೈ ಆರಿಸಬೇಕೆಂದು ಹೋದಳು. ವಾಪಸು ಬರುವಾಗ ದಾರಿಯುದ್ದಕ್ಕೂ ನನಗೆ ಇವರ ಮೇಲೆ ಸಿಟ್ಟು ಉಕ್ಕಿ ಬರುತ್ತಿತ್ತು, ಬೈಯಲು ನನಗೇ ಮುಖವಿರಲಿಲ್ಲ.

ಆ ಶರತ್ಕಾಲದಲ್ಲಿ ಕಂದು ಕುದುರೆಯನ್ನು ನಾರ್ವೆಯವರಿಗೆ ಮಾರಿದರು. ಅಂಥ ಇನ್ನೊಂದು ಅವಳ ಕೈಗೆ ಬರಲಿಲ್ಲ. ಮುಂದಿನ ವರ್ಷ ಲಿಂಕೋಪಿಂಗ್‌ನಲ್ಲಿ ಓದಲು ಸೇರಿದಳು. ಈಗ ಅಲ್ಲೇ ಕೆಲಸ, ಸೈಕಲ್ಲಿನಲ್ಲಿ ಓಡಾಡುತ್ತಾಳೆ, ಚೆನ್ನಾಗಿದ್ದಾಳೆ. ಇವರು ಈಗ ಹೊಗಳುವುದನ್ನು ಕಲಿತಿದ್ದಾರೆ. ಭಾನುವಾರದ ಫೋನಿನಲ್ಲಿ ಅವಳು ಮಾಡಿದ ಪಲ್ಯಕ್ಕೂ ಹೊಗಳಿಕೆ, ಬಾಡಿಗೆಗೆ ಹಿಡಿದ ಮನೆಗೂ ಹೊಗಳಿಕೆ, ನೀನು ಏನು ಮಾಡಿದರೂ ಗೆಲ್ಲುತ್ತೀಯ ಎಂದು ನನ್ನೆದುರೇ ಗಟ್ಟಿಯಾಗಿ ಹೇಳುತ್ತಾರೆ. ಅವಳು ಥ್ಯಾಂಕ್ಸ್ ಪಪ್ಪಾ ಎನ್ನುತ್ತಾಳೆ. ಕೆಲಸ ಬದಲಿಸಿದ್ದನ್ನು ಬದಲಿಸಿದ ಮೇಲೆ ಹೇಳಿದಳು, ಒಬ್ಬ ಹುಡುಗನ ಜೊತೆ ಮನೆ ಮಾಡಿದ್ದನ್ನು ಮಾಡಿದ ಮೇಲೆ ಹೇಳಿದಳು. ಏನಂತೀರಿ ಪಪ್ಪಾ ಎಂದು ಅವಳು ಕೊನೆಯ ಸಲ ಕೇಳಿದ್ದು ಆ ಬುಧವಾರವೇ.