ಬಿಳಿ ಅಂಗಿಯ ಮಾವನಿಗೆ ಸಿಂಧನೂರಿನ ಬುದ್ಧಿಮಾತು

ಯಾರಾದರೂ ಸಿಂಧನೂರಿನಲ್ಲಿ ಮನೆ ಮಾಡುತ್ತೇವೆ ಅಂದರೆ ನನ್ನ ಬಾಯಿ ಸುಮ್ಮನಿರುವುದಿಲ್ಲ. ಕೇಳಿದವರಿಗೆ ಹೇಳುತ್ತೇನೆ, ಕೇಳದವರಿಗೆ ಇನ್ನೂ ಜಾಸ್ತಿ ಹೇಳುತ್ತೇನೆ. ನನ್ನದೊಂದು ಟೇಲರಿಂಗ್ ಅಂಗಡಿ ಇದೆ. ಬ್ಲೌಸಿನ ಅಳತೆ ಕೊಡಲು ಬಂದ ಹೆಂಗಸು ಊರಿಗೆ ಹೊಸಬಳು ಅಂತ ಗೊತ್ತಾದರೆ ಸಾಕು, ತೋಳಿನ ಅಳತೆ ಮುಗಿಯುವುದರೊಳಗೆ ಯಾವ ಓಣಿಯಲ್ಲಿ ಮನೆ ಹಿಡಿಯಬೇಕು, ಯಾವ ಓಣಿಯ ಕಡೆ ತಲೆ ಹಾಕಿ ಮಲಗಬಾರದು, ಎಲ್ಲ ಹೇಳಿ ಮುಗಿಸಿರುತ್ತೇನೆ. ಕೆಲವರು ಹೊಲಿದ ಬಟ್ಟೆ ಒಯ್ಯಲು ತಾವು ಬಾರದೆ ಗಂಡಂದಿರನ್ನು ಕಳಿಸುತ್ತಾರೆ. ಕಾರಣ ನನಗೆ ಗೊತ್ತು. ಗಂಡಂದಿರಿಗೂ ಹೇಳಿ ಕಳಿಸುತ್ತೇನೆ.

ನಮ್ಮದು ಹಳೆಯ ಅಕ್ಕಿ ಮಿಲ್ಲುಗಳ ಊರು. ಮಿಲ್ಲಿನ ಒಲೆಗೆ ಭತ್ತದ ಹೊಟ್ಟೇ ಸೌದೆ. ಅದು ಉರಿದು ಚಿಮಣಿಯಿಂದ ಹಾರುವ ಕರಿ ಬೂದಿ ಗಾಳಿ ಬೀಸಿದ ಕಡೆ ಬೀಳುತ್ತದೆ. ಈ ಬೂದಿಗೆ ನಾನು ದಿನಕ್ಕೆ ಹತ್ತು ಸಲ ಬೈಯುತ್ತೇನೆ. ಆದರೆ ಹೊರಗಿನವರು ಒಂದು ಸಲ ಬೈದರೂ ಮೈಯೆಲ್ಲ ಉರಿಯುತ್ತದೆ. ನಮ್ಮೂರನ್ನು ಬೈಯುವ ಹಕ್ಕು ಇಲ್ಲಿ ಹುಟ್ಟಿದವರದು ಅಂತ ನನ್ನ ಲೆಕ್ಕ.

ಇಷ್ಟು ಜನಕ್ಕೆ ಬುದ್ಧಿ ಹೇಳಿದ ನನಗೆ ನಿಜವಾದ ಪರೀಕ್ಷೆ ಬಂದದ್ದು ನನ್ನ ಅಕ್ಕನ ಗಂಡನಿಗೆ ಲಿಂಗಸುಗೂರಿನಿಂದ ಸಿಂಧನೂರಿಗೆ ಬದಲಿ ಆದಾಗ. ನಾನು ಮಾವ ಅಂತ ಕರೆಯುವ ಅವರು ಸರಕಾರಿ ಕಚೇರಿಯಲ್ಲಿ ಗುಮಾಸ್ತರು. ಅಕ್ಕನೂ ನಾನೂ ಸಿಂಧನೂರಿನಲ್ಲೇ ಹುಟ್ಟಿ ಬೆಳೆದವರು. ಮದುವೆಯಾಗಿ ಅವಳು ಲಿಂಗಸುಗೂರಿಗೆ ಹೋಗಿ ಇಪ್ಪತ್ತು ವರ್ಷದ ಮೇಲಾಯಿತು. ಅಷ್ಟು ವರ್ಷವೂ ಅವಳು ಬೆಳಗಿನ ಬಸ್ಸಿಗೆ ಬಂದು, ಉಂಡ ತಾಟು ತೊಳೆಯುವ ಮೊದಲೇ "ಬಸ್ಸಿಗೆ ಹೊತ್ತಾತು" ಅಂತ ಏಳುತ್ತಿದ್ದಳು. ಆ ಮಾತು ಕೇಳಿದರೆ ನನಗೆ ಅಳು ಬರುತ್ತಿತ್ತು, ಅಳು ಬಂದರೆ ಸಿಟ್ಟು ಬರುತ್ತಿತ್ತು, ಸಿಟ್ಟು ಬಂದರೆ ಅವಳ ಚೀಲದಲ್ಲಿ ಏನಾದರೂ ತುರುಕಿ ಕಳಿಸುತ್ತಿದ್ದೆ. ಅಕ್ಕ ಪಕ್ಕದ ಓಣಿಗೆ ಬರುತ್ತಾಳೆ ಅಂದರೆ ನನಗೆ ಬೇರೆ ಏನೂ ಬೇಕಿರಲಿಲ್ಲ.

ಅಡ್ಡಿ ಒಂದೇ, ಮಾವನ ಅಂಗಿ. ಅವರು ಹುಟ್ಟಿದಾಗಿನಿಂದ ಬಿಳಿ ಬಿಟ್ಟು ಬೇರೆ ಹಾಕಿದವರಲ್ಲ. ನೀಲಿ ಹಾಕಿ, ಗಂಜಿ ಹಾಕಿ, ಬಿಸಿಲಲ್ಲಿ ಒಣಗಿಸಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅವರು ಹೊರಟರೆ ಎದುರಿಗೆ ಬಂದವರು ಕಣ್ಣು ಕಿರಿದು ಮಾಡಬೇಕು. ಬೈಕ್ ಮೇಲೆ ಕೂಡುವ ಮೊದಲು ಸೀಟಿನ ಮೇಲೆ ಟವೆಲ್ ಹಾಸುವ ಮನುಷ್ಯ.

ಬದಲಿಯ ಸುದ್ದಿ ಬಂದ ದಿನದಿಂದ ನಾನು ದಿನವೂ ಫೋನ್ ಮಾಡಿ ಅವರಿಗೆ ಬುದ್ಧಿ ಹೇಳತೊಡಗಿದೆ. ಅವರು ಗುಮಾಸ್ತರಲ್ಲವೆ, ನಾನು ಹೇಳಿದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ನಂಬರ್ ಹಾಕಿ ಬರೆದುಕೊಂಡರು. ಮನೆ ನೋಡುವಾಗ ಗೋಡೆ ನೋಡಬೇಡಿ, ಪಕ್ಕದ ಮನೆಯ ಬಟ್ಟೆ ಒಣಹಾಕುವ ಹಗ್ಗ ನೋಡಿ, ಅದರ ಮೇಲೆ ಬರೀ ಕಡುಬಣ್ಣದ ಬಟ್ಟೆ ಇದ್ದರೆ ಸುಮ್ಮನೆ ಮುಂದೆ ನಡೆಯಿರಿ ಅಂದೆ. ಲಾರಿ ತೂಗುವ ಕಾಟಾದ ಹತ್ತಿರ ಮನೆ ಬೇಡ, ಸುಗ್ಗಿಯಲ್ಲಿ ಲಾರಿಗಳು ನಿಮ್ಮ ಹೊಸ್ತಿಲ ತನಕ ಸಾಲು ನಿಲ್ಲುತ್ತವೆ ಅಂದೆ. ಕಿರಾಣಿ ಅಂಗಡಿಯಲ್ಲಿ ಅಕ್ಕಿ ಕೊಳ್ಳಬೇಡಿ, ಪರಿಚಯದ ಮಿಲ್ಲಿನಿಂದ ಚೀಲವನ್ನೇ ತರಬೇಕು, ಕೈಯಲ್ಲಿ ಐದು ಕಿಲೋ ಪಾಕೀಟು ಹಿಡಿದು ಬಂದರೆ ಊರಲ್ಲಿ ಮರ್ಯಾದೆ ಇರುವುದಿಲ್ಲ. ಯಾವ ಅಕ್ಕಿ ಚೆನ್ನಾಗಿದೆ ಅಂತ ಮಾತ್ರ ಯಾರನ್ನೂ ಕೇಳಬೇಡಿ, ಅವರ ಮಾತು ಮುಗಿಯುವುದಿಲ್ಲ, ನೀವು ಆಫೀಸಿಗೆ ಮುಟ್ಟುವುದಿಲ್ಲ. ಆಂಧ್ರದಿಂದ ಬಂದು ನೆಲೆಸಿದ ಕ್ಯಾಂಪಿನ ಕಡೆಯವರು ತೆಲುಗಿನಲ್ಲಿ ಮಾತಾಡಿದರೆ ಹೆದರಬೇಡಿ, ಕನ್ನಡದಲ್ಲಿ ಉತ್ತರ ಕೊಡಿ, ಇಬ್ಬರಿಗೂ ಎಲ್ಲ ತಿಳಿಯುತ್ತದೆ. ಮಿಲ್ಲಿನ ಸದ್ದು ಒಂದು ವಾರ ತಲೆ ತಿನ್ನುತ್ತದೆ, ಆಮೇಲೆ ಅಮಾವಾಸ್ಯೆ ದಿನ ಮಿಲ್ಲು ಬಂದ್ ಆದಾಗ ಏನೋ ಕಳೆದುಹೋಯಿತಲ್ಲ ಅನಿಸುತ್ತದೆ.

ಹೀಗೆ ಊರಿನ ಮರ್ಯಾದೆ ಹೆಚ್ಚಿಸುತ್ತಿದ್ದೇನೆ ಅಂದುಕೊಂಡು ನಾನು ಹೇಳುತ್ತಾ ಹೋದೆ. ಹದಿನಾಲ್ಕನೇ ಮಾತಿಗೆ ಮಾವ ತಡೆದರು.

"ನೀ ಹೇಳೋದು ಕೇಳಿದ್ರ ಆ ಊರಾಗ ಮನಷ್ಯಾರು ಹೆಂಗ ಅದಾರ ಅನ್ನಸಾಕತ್ತೈತಿ. ನಾ ಮಸ್ಕ್ಯಾಗ ಮನಿ ಮಾಡ್ತೀನಿ. ದಿನಾ ಬಸ್ಸಿಗೆ ಬಂದು ಹೋಗ್ತೀನಿ."

ಮಸ್ಕಿ ನಮ್ಮ ಎರಡೂ ಊರುಗಳ ನಡುವೆ ಇದೆ. ಮಸ್ಕಿ ಅಂದರೆ ಮತ್ತೆ ಬಸ್ಸು.

"ಬ್ಯಾಡ್ರಿ ಮಾವಾರ. ಬೂದಿ ಬೀಳಲಾರದ ಮನಿ ನಾ ಹುಡುಕಿ ಕೊಡ್ತೀನಿ," ಅಂದೆ.

"ಅರಿವಿ ಕಟ್ಟಿ ನೋಡಿ ಹೇಳು. ಒಂದು ಚುಕ್ಕಿ ಬಿದ್ರೂ ನಾ ಬರಂಗಿಲ್ಲ."

ಅರಿವೆ ಕಟ್ಟುವುದು ನಮ್ಮ ಕಡೆಯ ಹಳೆಯ ಪದ್ಧತಿ. ಮನೆ ಹಿಡಿಯುವ ಮೊದಲು ಮಾಳಿಗೆಯ ಮೇಲೆ ಒದ್ದೆ ಬಿಳಿ ಬಟ್ಟೆಯೊಂದನ್ನು ಬೆಳಗಿನಿಂದ ಸಂಜೆಯವರೆಗೆ ಕಟ್ಟುತ್ತಾರೆ. ಸಂಜೆ ಬಿಚ್ಚಿ ಕರಿ ಚುಕ್ಕೆ ಎಷ್ಟಿವೆ ಅಂತ ನೋಡಿ ತೀರ್ಮಾನ ಮಾಡುತ್ತಾರೆ. ನಮ್ಮ ಅವ್ವನೂ ಮಾಡುತ್ತಿದ್ದಳು. ಬಟ್ಟೆಯ ಒಂದು ತುದಿ ನಾನು, ಇನ್ನೊಂದು ತುದಿ ಅಕ್ಕ ಹಿಡಿಯುತ್ತಿದ್ದೆವು. ಈ ಪರೀಕ್ಷೆಯನ್ನು ಮಾವನಿಗೆ ಹೇಳಿಕೊಟ್ಟದ್ದೂ ನಾನೇ. ಅದು ಅವರ ನೋಟ್‌ಬುಕ್ಕಿನಲ್ಲಿ ಮೂರನೇ ನಂಬರು.

ನನ್ನ ಪಕ್ಕದ ಓಣಿಯಲ್ಲಿ ಒಂದು ಮಹಡಿ ಮನೆ ಖಾಲಿ ಇತ್ತು. ಕೆಳಗೆ ಮನೆಯ ಮಾಲಕಿ ಇದ್ದರು. ಸಾಬರ ಪೈಕಿಯ ವಯಸ್ಸಾದ ಹೆಣ್ಣುಮಗಳು, ಓಣಿಗೆಲ್ಲ ಖಾಲಾ, ಅಂದರೆ ಚಿಕ್ಕಮ್ಮ. ಅಂಗಡಿ ಬಿಟ್ಟು ಮನೆ ನೋಡಲು ನನಗೆ ಪುರುಸೊತ್ತು ಸಿಕ್ಕಿರಲಿಲ್ಲ. ಕೊನೆಗೆ ಅಮಾವಾಸ್ಯೆ ಬಂತು. ಅಂದು ನನ್ನ ಅಂಗಡಿಗೆ ರಜೆ. ಹೊಲಿಗೆ ಮಷಿನ್ನಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ನಮಸ್ಕಾರ ಮಾಡಿ, "ಇವತ್ತು ನೀನೂ ಆರಾಮ ತಗೊಳ್ಳವಾ" ಅಂತ ಅದಕ್ಕೆ ಹೇಳಿ, ಬಿಳಿ ಪಂಚೆಯೊಂದನ್ನು ಬಕೆಟ್ಟಿನಲ್ಲಿ ನೆನೆಹಾಕಿಕೊಂಡು ಖಾಲಾನ ಮನೆಗೆ ಹೋದೆ.

ನಾನು ಮಾಳಿಗೆಯ ಮೇಲೆ ಪಂಚೆ ಕಟ್ಟುವಾಗ ಖಾಲಾ ಮೆಟ್ಟಿಲು ಹತ್ತಿ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಇವತ್ತು ಬ್ಯಾಡ ಬೇಟಿ. ನಾಳಿ ಕಟ್ಟು. ಇವತ್ತು ಕಟ್ಟಿದ್ರ ಏನೂ ತಿಳಿಯಂಗಿಲ್ಲ."

ಇದು ನನಗೆ ಬುದ್ಧಿ ಹೇಳುವ ಮಾತು. ನನಗೆ!

"ಖಾಲಾ, ನಾ ಈ ಊರಾಗ ಹುಟ್ಟೀನಿ. ಅರಿವಿ ಕಟ್ಟೋದು ನನಗ ಕಲಸಬ್ಯಾಡ್ರಿ," ಅಂದೆ.

ಅವರು ಪಂಚೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಕಟ್ಟವಾ ಹಂಗಾದ್ರ," ಅಂತ ಕೆಳಗಿಳಿದು ಹೋದರು.

ಸಂಜೆ ಬಿಚ್ಚಿದರೆ ಪಂಚೆ ಹಾಲಿನಂತೆ ಇತ್ತು. ಒಂದು ಚುಕ್ಕೆ ಇಲ್ಲ. ಬೆಳಕಿಗೆ ಹಿಡಿದು ನೋಡಿದೆ, ಅಂಗೈಯಿಂದ ಸವರಿ ನೋಡಿದೆ. ಸಿಂಧನೂರಿನಲ್ಲಿ ಬೂದಿ ಬೀಳದ ಮನೆ ಕಂಡುಹಿಡಿದವಳು ನಾನೊಬ್ಬಳೇ ಅಂದುಕೊಂಡು ಅಲ್ಲಿಂದಲೇ ಫೋನ್ ಮಾಡಿದೆ. ಮಾವ, "ಹಂಗಿದ್ರ ಆತು, ಬರ್ತೀವಿ," ಅಂದರು. ಅಕ್ಕ ಫೋನ್ ಇಸಿದುಕೊಂಡು, "ಛಲೋ ಆತು ಬಿಡು, ಒಲಿ ಮ್ಯಾಲೆ ಐತಿ," ಅಂತ ಇಟ್ಟೇಬಿಟ್ಟಳು. ಇಷ್ಟು ದೊಡ್ಡ ಸುದ್ದಿಗೆ ಇಷ್ಟೇ ಮಾತಾ ಅಂತ ನನಗೆ ಸ್ವಲ್ಪ ಬೇಜಾರಾಯಿತು.

ಪಾಡ್ಯ ಬಿಟ್ಟು ಬಿದಿಗೆಯ ದಿನ ಅವರು ಸಾಮಾನಿನೊಡನೆ ಬಂದರು. ಮರುದಿನ ಬೆಳಿಗ್ಗೆ ಅಕ್ಕ ಏಳು ಬಿಳಿ ಅಂಗಿ ಒಗೆದು ಮಾಳಿಗೆಯ ಹಗ್ಗಕ್ಕೆ ಹಾಕಿದಳು. ಆಫೀಸಿಗೆ ಹೊರಡುವ ಹೊತ್ತಿಗೆ ಮಾವ ಅಂಗಡಿಗೇ ಬಂದು, "ನಡಿ," ಅಂದರು. ಹೋಗಿ ನೋಡಿದರೆ ಏಳೂ ಅಂಗಿಗಳು ಕರಿ ಎಳ್ಳು ಹಚ್ಚಿದ ಸಜ್ಜೆರೊಟ್ಟಿಯ ಹಾಗೆ ಆಗಿದ್ದವು. ಬೆರಳಿನಿಂದ ಒರೆಸಲು ಹೋದೆ. ಚುಕ್ಕೆ ಇದ್ದಲ್ಲಿ ಗೆರೆ ಆಯಿತು.

ಮಾವ ನೋಟ್‌ಬುಕ್ ತಂದರು. ಕನ್ನಡಕ ಹಾಕಿಕೊಂಡು ಹಾಳೆ ತಿರುವಿದರು.

"ಅರಿವಿ ಕಟ್ಟಿದ್ದು ಯಾವ ದಿನ?"

"ಅಮಾಸಿ ದಿನರಿ. ಅಂಗಡಿ ರಜಾ ಇತ್ತಲ್ಲ."

"ರಜಾ ಯಾಕ ಇತ್ತು?"

"ಅಮಾಸಿಗೆ ಮಷಿನ್ ನಡಸಂಗಿಲ್ರಿ. ಯಾರೂ ನಡಸಂಗಿಲ್ಲ..." ಅಂದವಳು ಅಲ್ಲಿಗೇ ನಿಂತೆ.

"ಹದಿಮೂರನೇ ಮಾತು," ಅಂತ ಮಾವ ಓದಿದರು. "ಅಮಾವಾಸಿ ದಿನ ಮಿಲ್ಲು ಬಂದ್ ಇರ್ತಾವ. ಹೇಳಿದಾಕಿ ನೀನ."

ಬಗಲಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರು ಅಂತಾರಲ್ಲ, ಹಾಗಾಯಿತು ನನ್ನ ಬಾಳು. ಕಾಯಿ ಒಡೆದು, ಕುಂಕುಮ ಹಚ್ಚಿ, ಮಷಿನ್ನಿಗೆ ಆರಾಮ ತಗೋ ಅಂತ ಹೇಳಿ ಬಂದವಳು ನಾನು. ಊರಿನ ಮಿಲ್ಲುಗಳೆಲ್ಲ ಅದೇ ಕಾರಣಕ್ಕೆ ಮಲಗಿವೆ ಅನ್ನುವುದು ಮಾತ್ರ ತಲೆಗೆ ಬಂದಿರಲಿಲ್ಲ. ಮೆಟ್ಟಿಲ ಕೆಳಗಿಂದ ಖಾಲಾ, "ನಾ ಹೇಳಿದ್ನಲ್ಲವಾ," ಅಂದರು. ಹೇಳಿದ್ದರು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಬಾಯಿ ಸುಮ್ಮನಿರಬೇಕಲ್ಲ. "ಅಲ್ರಿ ಮಾವಾರ, ದಿನಾ ಹಣಿ ತುಂಬ ಬೂದಿ ಹಚ್ಚೋರು ನೀವು. ಅಂಗಿಗೆ ನಾಕು ಚುಕ್ಕಿ ಬಿದ್ರ ಏನಾಗ್ತೈತಿ?" ಅಂದೆ.

ಅವರು ನಗಲಿಲ್ಲ. "ನಾಳಿ ಮಸ್ಕಿಗೆ ಹೋಗಿ ಮನಿ ನೋಡ್ತೀನಿ," ಅಂತ ಒಳಗೆ ಹೋದರು.

ನಾನು ಅಡುಗೆ ಮನೆಗೆ ಹೋಗಿ ಇನ್ನೂ ಬಿಚ್ಚದ ಸಾಮಾನಿನ ಚೀಲದ ಮೇಲೆ ಕೂತು ಅತ್ತೆ. ಇಪ್ಪತ್ತು ವರ್ಷ ಕಾದದ್ದನ್ನು ಒಂದು ಪಂಚೆಯಿಂದ ಕೆಡಿಸಿಕೊಂಡೆನಲ್ಲ ಅಂತ ಅತ್ತೆ. ಅಕ್ಕ ನನ್ನ ಪಕ್ಕ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಅವಳಿಗೆ ಗಾಬರಿಯೇ ಇರಲಿಲ್ಲ.

"ನೀ ಫೋನ್ ಮಾಡಿದಾಗ ಒಲಿ ಮ್ಯಾಲೆ ಏನಿತ್ತು ಗೊತ್ತೇನು?" ಅಂದಳು.

"ಏನು?"

"ಹೋಳಿಗಿ. ಅಮಾಸಿ ಹೋಳಿಗಿ."

ನಾನು ಅಳು ನಿಲ್ಲಿಸಿದೆ. ಅವ್ವನ ಬಟ್ಟೆಯ ಇನ್ನೊಂದು ತುದಿ ಹಿಡಿದವಳು ಅವಳೇ. ಅಮಾವಾಸ್ಯೆಗೆ ಕಟ್ಟಿದ ಅರಿವೆ ಬೆಳ್ಳಗೇ ಉಳಿಯುತ್ತದೆ ಅಂತ ಅವಳಿಗೆ ಆಗಲೇ ಗೊತ್ತಿತ್ತು.

"ಮತ್ತ ಯಾಕ ಹೇಳಲಿಲ್ಲ?"

"ಹೇಳಿದ್ರ ಇವರು ಬರತಿದ್ರೇನು? ನನಗೂ ಬರಬೇಕಾಗಿತ್ತು."

ಆಮೇಲೆ ಟ್ರಂಕಿನ ತಳದಿಂದ ಒಂದು ಗಂಟು ತೆಗೆದಳು. ಒಳಗೆ ಹೊಸ ಅಂಗಿಗಳು, ನಾಲ್ಕು. ನಾಲ್ಕೂ ಬೂದಿ ಬಣ್ಣ. ಬದಲಿಯ ಸುದ್ದಿ ಬಂದ ವಾರವೇ ಗುಟ್ಟಾಗಿ ಹೊಲಿಸಿದ್ದಂತೆ. ಒಂದನ್ನು ಒಯ್ದು ಮಾವನ ಮುಂದೆ ಇಟ್ಟಳು. "ಒಗದದ್ದು ಒಂದೂ ಇಲ್ಲ. ಇವತ್ತಿನ ಮಟ್ಟಿಗೆ ಹಾಕ್ಕೊಳ್ರಿ," ಅಂದಳು. ಅವರು ಅದನ್ನು ತಿರುವಿ ಮುರುವಿ ನೋಡಿದರು. ಕಡೆಗೆ ಮೈಗೆ ಹಾಕಿಕೊಂಡು ಗೋಡೆಗೆ ಹತ್ತಿಕೊಂಡೇ ನಡೆದು ಆಫೀಸಿಗೆ ಹೋದರು.

ಸಂಜೆ ಬಂದವರು ಮಸ್ಕಿಯ ಮಾತೆತ್ತಲಿಲ್ಲ. "ಆಫೀಸ್ನ್ಯಾಗ ಎಲ್ಲಾರೂ ಇದ ಬಣ್ಣ ಹಾಕ್ಯಾರ," ಅಂದರು. ನಂತರ ನೋಟ್‌ಬುಕ್ಕಿನಲ್ಲಿ ಹದಿನೈದನೇ ನಂಬರ್ ಹಾಕಿ ಏನೋ ಬರೆದುಕೊಂಡರು. ನಾನು ಹೇಳದೆ ಇದ್ದ ಮಾತು ಅದೊಂದೇ.

ನನ್ನ ಸಿಟ್ಟು ಮಾತ್ರ ಇಳಿದಿರಲಿಲ್ಲ. ಅಂಗಿಯ ಕಾಲರ್ ಸೊಟ್ಟ ಇತ್ತು. ಟೇಲರ್ ತಂಗಿ ಇರುವಾಗ ಲಿಂಗಸುಗೂರಿನ ಯಾವನೋ ಕೈಯಲ್ಲಿ ಹೊಲಿಸಿದ್ದಾಳೆ.

"ನಿನ್ನ ಕಡೆ ಹೊಲಸಿದ್ರ ನೀ ಅವತ್ತ ಇವರಿಗೆ ಹೇಳಿಬಿಡತಿದ್ದಿ," ಅಂದಳು ಅಕ್ಕ.

ನಾಲ್ಕೂ ಅಂಗಿ ಅಂಗಡಿಗೆ ತಂದು ಕಾಲರ್ ಬಿಚ್ಚಲು ಕೂತೆ. ಅಕ್ಕ ಎದುರಿನ ಸ್ಟೂಲಿನ ಮೇಲೆ ಕೂತು ಗುಂಡಿ ಬಿಗಿ ಮಾಡುತ್ತಿದ್ದಳು. ಹೊರಗೆ ಲಿಂಗಸುಗೂರು ಬಸ್ಸಿನ ಹಾರ್ನ್ ಕೇಳಿಸಿತು. ಅವಳು ದಡಕ್ಕನೆ ಎದ್ದು, "ಬಸ್ಸಿಗೆ ಹೊತ್ತಾತು," ಅಂತ ಚಪ್ಪಲಿಯಲ್ಲಿ ಕಾಲು ತೂರಿಸಿದಳು. ನಾನು ಅವಳ ಮುಖ ನೋಡಿದೆ. ಅವಳು ನನ್ನ ಮುಖ ನೋಡಿದಳು. ಆಮೇಲೆ ಚಪ್ಪಲಿ ಬಿಟ್ಟು ಮತ್ತೆ ಸ್ಟೂಲಿನ ಮೇಲೆ ಕೂತು, ಸೂಜಿಗೆ ದಾರ ಪೋಣಿಸಿಕೊಡು ಅಂತ ನನ್ನ ಕಡೆ ಚಾಚಿದಳು.