ಡಬ್ಬಿಯ ತಳ

ಅಪ್ಪ ಹಡಗಿನಲ್ಲಿ ಇಂಜಿನ್ ನೋಡಿಕೊಳ್ಳುತ್ತಿದ್ದವರು. ಸೇದುವ ಪೈಪಿಗೆ ಇಂಗ್ಲೆಂಡಿನ ತಂಬಾಕೇ ಆಗಬೇಕು. ಒಮ್ಮೆ ನಾನು ಡೆನ್ಮಾರ್ಕಿನಿಂದ ಒಂದು ಡಬ್ಬಿ ತಂದುಕೊಟ್ಟೆ. ಮೂಸಿ ಬದಿಗಿಟ್ಟು, "ಹೆಣ್ಣುಮಕ್ಕಳಿಗೆ ತಂಬಾಕಿನ ವಿಷಯ ಎಂತ ಗೊತ್ತು?" ಎಂದರು. ಅಣ್ಣ ತರುತ್ತಿದ್ದ ಲಂಡನ್ ಡಬ್ಬಿಯ ತಂಬಾಕನ್ನೇ ಕೊನೆತನಕ ಸೇದಿದರು.

ಮೊನ್ನೆ ಹೊನ್ನಾವರದಲ್ಲಿ ಅಪ್ಪನ ವರ್ಷಾಂತಿಕ. ಸತ್ತವರಿಗೆ ಇಷ್ಟವಾದದ್ದನ್ನು ಎಡೆಗಿಡುವುದು ನಮ್ಮಲ್ಲಿ ಪದ್ಧತಿ. ಅಣ್ಣ ಯಾವಾಗಲೂ ಕೊಳ್ಳುತ್ತಿದ್ದ ಭಟ್ಕಳದ ಫಾರಿನ್ ಸಾಮಾನಿನ ಅಂಗಡಿಗೆ ನಾನೇ ಹೋಗಿ ಆ ಲಂಡನ್ ಡಬ್ಬಿ ಕೇಳಿದೆ.

ಅಂಗಡಿಯ ಸಾಹೇಬರು ನಕ್ಕರು. "ಲಂಡನ್ ಹೆಸರಲ್ಲಿ ಮಾತ್ರ ಅಕ್ಕ. ಅಲ್ಲಿ ಮಾಡೋದು ಬಿಟ್ಟು ಎಷ್ಟೋ ವರ್ಷ ಆತು. ಈಗ ಡೆನ್ಮಾರ್ಕಿಂದ ಬರ್ತದೆ." ಡಬ್ಬಿಯ ತಳ ತಿರುಗಿಸಿ ಅಲ್ಲಿದ್ದ ಇಂಗ್ಲಿಷ್ ಅಕ್ಷರ ತೋರಿಸಿದರು. ನಾನು ತಂದಿದ್ದ ಡಬ್ಬಿಯ ಮೇಲಿದ್ದ ಅದೇ ಊರು, ಅದೇ ಕಾರ್ಖಾನೆ.

ಮನೆಗೆ ಬಂದು ಅಣ್ಣನಿಗೆ ತೋರಿಸಿದೆ. ಅವನು ಕಣ್ಣು ಹಾಯಿಸಲೂ ಇಲ್ಲ.

"ನಂಗೆ ಮೊದಲೇ ಗೊತ್ತಿತ್ತು ಮಾರಾಯ್ತಿ. ಅಪ್ಪನಿಗೆ ಎಂತಕ್ಕೆ ಹೇಳ್ಬೇಕಿತ್ತು?"

ಬಾಳೆಲೆಯ ತುದಿಯಲ್ಲಿ ಡಬ್ಬಿಯನ್ನು ತಳ ಮೇಲಾಗಿ ಇಟ್ಟು ಕೈಮುಗಿದೆ. ಅಪ್ಪನಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು; ಓದಿಕೊಳ್ಳಲಿ.